ನಗಿಸಲು ಮದ್ರಾಸಿಗೆ ಹೋಗಿ ಅತ್ತು ಬಂದದ್ದು

ಜನರನ್ನು ನಗಿಸುವುದು ನನಗೆ ನೀರು ಕುಡಿದಷ್ಟು ಸುಲಭ ಎಂದು ಮೂವತ್ತೆರಡನೆಯ ವಯಸ್ಸಿನವರೆಗೂ ನಂಬಿದ್ದೆ. ನಂಬದೆ ಏನು ಮಾಡಲಿ? ಚನ್ನರಾಯಪಟ್ಟಣದ ನಮ್ಮ ಪಾತ್ರೆ ಅಂಗಡಿಯಲ್ಲಿ ನಾನು ಬಾಯಿ ತೆರೆದರೆ ಸಾಕು, ಹಿತ್ತಾಳೆ ಕೊಡ ಕೊಳ್ಳಲು ಬಂದ ಹೆಂಗಸರು ತಕ್ಕಡಿ ನೋಡುವುದನ್ನೂ ಮರೆತು ನಗುತ್ತಿದ್ದರು. ಗಲ್ಲಾಪೆಟ್ಟಿಗೆಯ ಹಿಂದೆ ಕೂತ ನಮ್ಮಣ್ಣ ಧರಣೇಂದ್ರಯ್ಯ, "ಶಾಂತ, ಮೊದಲು ಕೊಡ ಮಾರೋ, ಆಮೇಲೆ ನಗಿಸುವೆಯಂತೆ" ಎಂದು ಗೊಣಗುತ್ತಿದ್ದ. ನನ್ನ ಹೆಸರು ಶಾಂತರಾಜ. ಸುತ್ತಲ ಊರಿನವರು ಕರೆಯುತ್ತಿದ್ದದ್ದು ‘ನಗೆ ಶಾಂತರಾಜ’ ಎಂದು.

ಮದುವೆ, ಶಾಲೆಯ ವಾರ್ಷಿಕೋತ್ಸವ, ಸಹಕಾರ ಸಂಘದ ಸಭೆ, ಎಲ್ಲಿ ಕರೆದರೂ ಹೋಗುತ್ತಿದ್ದೆ. ನಾಟಕವಲ್ಲ, ಜೊತೆಗಾರರಿಲ್ಲ, ವೇಷವಿಲ್ಲ. ಒಬ್ಬನೇ ನಿಂತು ಅರ್ಧ ಗಂಟೆ ಮಾತಾಡಿ ನಗಿಸುವುದು. ಈಗ ಅದಕ್ಕೆ ದೊಡ್ಡ ದೊಡ್ಡ ಹೆಸರುಗಳಿವೆಯಂತೆ. ಆಗ ಕರಪತ್ರದಲ್ಲಿ ‘ಶಾಂತರಾಜನ ತಮಾಷೆ’ ಎಂದಷ್ಟೇ ಹಾಕುತ್ತಿದ್ದರು. ಚಿಲ್ಲರೆ ಕೊಡದ ಬಸ್ ಕಂಡಕ್ಟರು, ಭಾಷಣ ಮರೆತ ಹೆಡ್‌ಮಾಸ್ತರು ಎಲ್ಲರೂ ನನ್ನ ಬಾಯಲ್ಲಿದ್ದರು. ಎಲ್ಲಕ್ಕಿಂತ ಹೆಸರಾದದ್ದು, ಆಲಾಪನೆಯ ಮಧ್ಯೆ ಮೂಗಿನ ಮೇಲೆ ನೊಣ ಕೂತ ಸಂಗೀತಗಾರ. ಅದನ್ನು ಮನೆಗೊಬ್ಬ ಸಂಗೀತಗಾರನಿರುವ ರುದ್ರಪಟ್ಟಣದಲ್ಲೇ, ವಿದ್ವಾಂಸರ ಎದುರಿಗೇ ಮಾಡಿ ಜೀವಸಹಿತ ಹಿಂತಿರುಗಿದ ಧೀರ ನಾನು!

ಈ ಕಾರ್ಯಕ್ರಮಗಳನ್ನೆಲ್ಲ ಗೊತ್ತು ಮಾಡುತ್ತಿದ್ದವನು ಸಾಲಗಾಮೆಯ ಬೋರೇಗೌಡ. ಹೊಲ ಗದ್ದೆ ಇದ್ದ ಮನುಷ್ಯ. ನನ್ನ ತಮಾಷೆಯನ್ನು ಐವತ್ತು ಸಲ ಕೇಳಿದ್ದರೂ, ನಾನು ಹೇಳುವುದಕ್ಕೆ ಮುಂಚೆಯೇ ನಗುತ್ತಿದ್ದ. ಅದರಿಂದ ಸ್ವಲ್ಪ ತೊಂದರೆಯೂ ಆಗುತ್ತಿತ್ತು.

ಸಭೆಯಲ್ಲಿ ಇಷ್ಟು ಮಾತಾಡುವವನು ಮನೆಯಲ್ಲಿ ಮಾತ್ರ ಮೂಕ. ಯಾಕೆಂದು ನನಗೇ ಗೊತ್ತಿಲ್ಲ. ನನ್ನ ಹೆಂಡತಿ ಪದ್ಮಾವತಿ ಎಲೆ ಹಾಕಿ, "ಇದ್ದ ಮಾತೆಲ್ಲ ಊರಿನೋರಿಗೆ ಹಂಚಿ, ಮನೆಗೆ ಬರೀ ಬಾಯಿ ತರ್ತೀರಲ್ಲ" ಎನ್ನುತ್ತಿದ್ದಳು. ನಾನು "ಹೂಂ" ಎನ್ನುತ್ತಿದ್ದೆ. ಅಷ್ಟೇ ನಮ್ಮ ಸಂಭಾಷಣೆ.

ಹೀಗಿರುವಾಗ ಮದ್ರಾಸಿನ ಒಂದು ಸಿನಿಮಾ ಕಂಪನಿಯವರು ಶ್ರವಣಬೆಳಗೊಳದ ಕಡೆ ಚಿತ್ರೀಕರಣಕ್ಕೆ ಬಂದರು. ಅವರ ಮ್ಯಾನೇಜರು ದೊಡ್ಡ ಹಂಡೆಗಳನ್ನು ಬಾಡಿಗೆಗೆ ಕೇಳಿಕೊಂಡು ನಮ್ಮ ಅಂಗಡಿಗೆ ಬಂದರು. ಹಂಡೆ ತೋರಿಸುತ್ತ ತೋರಿಸುತ್ತ ನಾನು ನೊಣದ ಸಂಗೀತಗಾರನನ್ನೂ ತೋರಿಸಿಬಿಟ್ಟೆ. ಅವರು ಹಂಡೆಯ ಅಂಚು ಹಿಡಿದುಕೊಂಡು ನಕ್ಕರು. ಹೋಗುವಾಗ, "ನೀವು ಇಲ್ಲಿರಬೇಕಾದವರಲ್ಲ. ಮದ್ರಾಸಿಗೆ ಬನ್ನಿ, ಒಂದು ಪಾತ್ರ ಕೊಡಿಸೋಣ" ಎಂದರು.

‘ನಮ್ಮನೆ ಕಡೆಗೂ ಒಂದು ಸಲ ಬನ್ನಿ’ ಎಂದು ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳುತ್ತೇವಲ್ಲ, ಅವರು ಹೇಳಿದ್ದು ಆ ಧಾಟಿಯಲ್ಲಿ. ನಾನು ಕೇಳಿಸಿಕೊಂಡದ್ದು ತಾಮ್ರಪಟದ ಶಾಸನದ ಧಾಟಿಯಲ್ಲಿ!

"ಪಾತ್ರೆ ಮಾರೋನಿಗೆ ಪಾತ್ರ ಯಾಕೋ?" ಎಂದ ನಮ್ಮಣ್ಣ. ಜೀವಮಾನದಲ್ಲಿ ಅವನು ಮಾಡಿದ ಒಂದೇ ತಮಾಷೆ ಅದು. ನಾನು ನಗಲಿಲ್ಲ.

ಬೋರೇಗೌಡ ಮಾತ್ರ ಕುಣಿದುಬಿಟ್ಟ. "ಓಗ್ ಬಾ ಸಾಂತಣ್ಣ, ಯೋಚ್ನೆ ಮಾಡ್‌ಬ್ಯಾಡ! ಇನ್ನೊಂದ್ ವರ್ಸಕ್ಕೆ ಗ್ವಾಡೆ ಗ್ವಾಡೆ ಮ್ಯಾಗೂ ನಿನ್ ಮಕಾನೇ ಇರ್ತದೆ ಕಣ!" ಎಂದು ಬಸ್‌ಸ್ಟ್ಯಾಂಡಿನಲ್ಲಿ ಹಾರ ಹಾಕಿದ. ಬಸ್ಸು ಒಂದು ಗಂಟೆ ತಡವಾಯಿತು. ಹಾರ ಹಾಕಿಕೊಂಡು ಒಂದು ಗಂಟೆ ನಿಲ್ಲುವುದು ಎಷ್ಟು ಕಷ್ಟವೆಂದು ನಿಂತವರಿಗೇ ಗೊತ್ತು. ಪದ್ಮಾವತಿ ಹುರಿಹಿಟ್ಟಿನ ಡಬ್ಬಿ ಕೈಗಿಟ್ಟು, "ಹೊತ್ತಿಗೆ ಸರಿಯಾಗಿ ಉಣ್ಣಿ" ಎಂದಳು. ನಾನು "ಹೂಂ" ಎಂದೆ.

ಮದ್ರಾಸಿನ ಸ್ಟುಡಿಯೋ ಗೇಟಿನಲ್ಲಿ ಮ್ಯಾನೇಜರು ನನ್ನನ್ನು ನೋಡಿ, "ಯಾರು?" ಎಂದರು.

"ನಾನು ಸಾರ್, ಚನ್ನರಾಯಪಟ್ಟಣ... ಹಂಡೆ..."

"ಹಂಡೆ ಎಲ್ಲಾ ಅವತ್ತೇ ವಾಪಸ್ ಕಳಿಸಿದೀವಲ್ಲ!"

ಹಂಡೆ ಕೇಳಲು ಮುನ್ನೂರು ಮೈಲಿ ಬಂದ ಮನುಷ್ಯ ಎಂದು ತಿಳಿದು ಅವರು ಗಾಬರಿಯಾಗಿದ್ದರು. ಗುರುತು ಹತ್ತಲೆಂದು ಅಲ್ಲೇ ಗೇಟಿನಲ್ಲಿ ನಿಂತು ನೊಣದ ಸಂಗೀತಗಾರನನ್ನು ಮಾಡಿದೆ. ಕಾವಲುಗಾರನಿಗೆ ಕನ್ನಡ ಬಾರದು. ನನಗೇನೋ ಬಂದಿದೆ ಎಂದುಕೊಂಡು ನೀರು ತಂದುಕೊಟ್ಟ. ಮ್ಯಾನೇಜರಿಗೆ ಅಂತೂ ನೆನಪಾಯಿತು. "ಓ, ನೀವಾ? ಬಂದೇಬಿಟ್ರಾ!" ಎಂದರು. ಆ ‘ಬಂದೇಬಿಟ್ರಾ’ದಲ್ಲಿ ಸ್ವಾಗತ ಇರಲಿಲ್ಲ. ಆದರೂ ಒಳ್ಳೆಯವರು, "ಇರಿ, ನೋಡೋಣ" ಎಂದರು.

ನಾನು ಇದ್ದೆ. ಅವರು ನೋಡುತ್ತಿದ್ದರು.

ಒಂದು ಲಾಡ್ಜಿನ ಮಹಡಿಯ ಮೇಲೆ ಕೋಣೆ. ಅಲ್ಲಿ ಯಾರಿಗೂ ಕನ್ನಡ ಬಾರದು, ನನಗೆ ಕನ್ನಡ ಬಿಟ್ಟು ಇನ್ನೊಂದು ಬಾರದು. ಸ್ಟುಡಿಯೋದಲ್ಲಿ ಕನ್ನಡದವರಿದ್ದರು, ಆದರೆ ಮೂಲೆಯಲ್ಲಿ ಕೂತು ಕಾಯುವವನ ಜೊತೆ ಯಾರು ಮಾತಾಡುತ್ತಾರೆ? ಮಾತಿನಿಂದಲೇ ಬದುಕುತ್ತಿದ್ದ ನಾನು ದಿನಕ್ಕೆ ಆಡುತ್ತಿದ್ದದ್ದು ಎರಡೇ ಮಾತು: ಬೆಳಿಗ್ಗೆ ಹೋಟೆಲಿನಲ್ಲಿ ‘ಇಡ್ಲಿ’, ಸ್ಟುಡಿಯೋದಲ್ಲಿ ‘ನಮಸ್ಕಾರ’. ಇಡ್ಲಿಯಾದರೂ ಬರುತ್ತಿತ್ತು. ನಮಸ್ಕಾರಕ್ಕೆ ಏನೂ ಬರುತ್ತಿರಲಿಲ್ಲ.

ಊಟದ ಫಜೀತಿ ಬೇರೆ. ನಾವು ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣುವವರಲ್ಲ. ಸ್ಟುಡಿಯೋದವರು ಸರಿಯಾಗಿ ಹೊತ್ತು ಮುಳುಗಿದ ಮೇಲೆಯೇ ನಮ್ಮನ್ನು ಬಿಡುತ್ತಿದ್ದರು. ಸೂರ್ಯನಿಗೂ ಸ್ಟುಡಿಯೋಕ್ಕೂ ನಡೆದ ಈ ಪಂದ್ಯದಲ್ಲಿ ದಿನವೂ ಸೋತವನು ನಾನು. ಹುರಿಹಿಟ್ಟು ಮೊದಲ ವಾರದಲ್ಲೇ ಮುಗಿದಿತ್ತು. ಖಾಲಿ ಡಬ್ಬಿ ಮಾತ್ರ ಕಿಟಕಿಯ ಮೇಲೆ ಇತ್ತು.

ದಿನ ಬಿಟ್ಟು ದಿನ ಪದ್ಮಾವತಿಗೆ ಕಾಗದ ಬರೆಯುತ್ತಿದ್ದೆ. ‘ಇಲ್ಲಿ ಎಲ್ಲರೂ ನನ್ನನ್ನು ಮುತ್ತಿಕೊಂಡಿರುತ್ತಾರೆ. ನಿನ್ನೆ ಡೈರೆಕ್ಟರು ನಕ್ಕು ನಕ್ಕು ಕುರ್ಚಿಯಿಂದ ಬಿದ್ದರು.’ ಡೈರೆಕ್ಟರನ್ನು ನಾನು ಇನ್ನೂ ಹತ್ತಿರದಿಂದ ನೋಡಿಯೇ ಇರಲಿಲ್ಲ! ಆ ಕಾಗದಗಳನ್ನು ಅವಳು ಬೀದಿಯ ಹೆಂಗಸರಿಗೆ ಓದಿ ಹೇಳುತ್ತಾಳೆಂದು ಅಣ್ಣ ಬರೆದ. ಆಮೇಲೆ ಡೈರೆಕ್ಟರನ್ನು ಇನ್ನೂ ಎರಡು ಸಲ ಬೀಳಿಸಿದೆ.

ಮೂರನೆಯ ವಾರದಲ್ಲಿ ಪಾತ್ರ ಬಂತು. ನಾಯಕನ ಮನೆಯ ಆಳು. ಪಾಯಸದ ಪಾತ್ರೆ ಹಿಡಿದು ಬಂದು ಒಂದು ಮಾತು ಹೇಳಿ, ಸೀನಿ, ಪಾತ್ರೆ ಎತ್ತಿಹಾಕಬೇಕು. ನನಗೆ ಹೇಳಿಮಾಡಿಸಿದ ಪಾತ್ರ! ಬೆಳಿಗ್ಗೆ ಕನ್ನಡಿಯ ಮುಂದೆ ನಲವತ್ತು ಥರ ಸೀನಿ ನೋಡಿಕೊಂಡೆ.

ದೀಪಗಳು ಹತ್ತಿದವು. "ಸೈಲೆನ್ಸ್!" ಎಂದು ಯಾರೋ ಕೂಗಿದರು. ನಾನು ಬಂದು, "ಅಮ್ಮಾವ್ರೇ, ಪಾಯಸಕ್ಕೆ ಸಕ್ಕರೇನೂ ಹಾಕಿದೀನಿ, ಉಪ್ಪೂ ಹಾಕಿದೀನಿ, ಯಾವುದು ಜಾಸ್ತಿ ಅಂತ ನೀವೇ ಹೇಳಬೇಕು" ಎಂದು ಹೇಳಿ ನಿಂತೆ.

"ಕಟ್! ಯಾಕ್ರೀ ನಿಂತ್ರಿ? ಸೀನ್ರೀ!" ಎಂದರು ಡೈರೆಕ್ಟರು.

"ನಗೋಕೆ ಜಾಗ ಬಿಟ್ಟೆ ಸಾರ್."

"ಯಾರು ನಗೋದು?"

ಸುತ್ತ ನೋಡಿದೆ. ನಿಜ. ಯಾರೂ ಇಲ್ಲ! ಅಂದರೆ ಐವತ್ತು ಜನ ಇದ್ದರು, ಆದರೆ ನಗುವವರು ಯಾರೂ ಇಲ್ಲ. ನಕ್ಕರೆ ಧ್ವನಿಮುದ್ರಣ ಕೆಡುತ್ತದೆ, ಕೆಡಿಸಿದರೆ ಬೈಗುಳ. ಹತ್ತು ವರ್ಷ ನಾನು ಮಾತು, ನಗು, ಮಾತು, ನಗು ಎಂದು ಎರಡು ಕಾಲಲ್ಲಿ ನಡೆದವನು. ಇಲ್ಲಿ ಒಂದು ಕಾಲು ತೆಗೆದು ಓಡು ಎನ್ನುತ್ತಿದ್ದರು. ಪ್ರತಿ ಸಲವೂ ಅದೇ ಜಾಗದಲ್ಲಿ ತಡವರಿಸಿದೆ. ಏಳನೆಯ ಸಲ, ಮೇಲೆ ದೀಪ ಹಿಡಿದು ಕೂತಿದ್ದ ಒಬ್ಬ ಕೆಲಸಗಾರ ತಡೆಯಲಾರದೆ ‘ಕಿಸಕ್’ ಎಂದ. ಆಹಾ! ಮೂರು ವಾರಗಳ ಮೇಲೆ ಕಿವಿಗೆ ಬಿದ್ದ ಮೊದಲ ನಗು! ಸೀನುವುದನ್ನು ಮರೆತು, ಪಾತ್ರೆ ಕೆಳಗಿಟ್ಟು, ಮೇಲೆ ನೋಡಿ ಅವನಿಗೆ ಕೈಮುಗಿದೆ.

ಡೈರೆಕ್ಟರು ಟೋಪಿ ತೆಗೆದು ನೆಲಕ್ಕೆ ಎಸೆದರು.

ಹದಿಮೂರನೆಯ ಸಲಕ್ಕೆ ಹೇಗೋ ಮುಗಿಯಿತು. ಅಷ್ಟು ಹೊತ್ತಿಗೆ ನಿಜವಾಗಿಯೂ ನೆಗಡಿಯಾಗಿತ್ತು.

ಮೂರು ದಿನ ಬಿಟ್ಟು ನಾಯಕನ ತಾಯಿ ಸಾಯುವ ದೃಶ್ಯ. ಆಳಾದ್ದರಿಂದ ನಾನೂ ಮೂಲೆಯಲ್ಲಿರಬೇಕು. "ನೀವು ಏನೂ ಮಾಡಬೇಡಿ. ಸುಮ್ಮನೆ ತಲೆ ತಗ್ಗಿಸಿ ಕೂತಿರಿ. ದೇವರಾಣೆ ಏನೂ ಮಾಡಬೇಡಿ" ಎಂದು ಡೈರೆಕ್ಟರು ಬೇಡಿಕೊಂಡರು. ಬಣ್ಣ ಹಚ್ಚಲು ಅವತ್ತು ಬೇರೊಬ್ಬ ಬಂದಿದ್ದ. ಅಷ್ಟು ದಿನ ರಜೆಯಲ್ಲಿದ್ದನಂತೆ, ಹೆಸರು ನಂಜಪ್ಪ. ನನ್ನ ಗಲ್ಲ ಹಿಡಿದು ಬಣ್ಣ ಬಳಿಯುತ್ತ, "ಯಾವೂರಾಯ್ತು ಸಾ?" ಎಂದ.

ನಮ್ಮ ಕಡೆಯ ಕನ್ನಡ!

"ಚನ್ನರಾಯಪಟ್ಟಣ" ಎಂದೆ.

"ಅಯ್ ಅಂಗಾ? ನಮ್ದು ಅರಕಲಗೂಡು ಕಣ್ ಸಾ! ಮಕ ಯಾಕ್ ಸಾ ಇಂಗ್ ಬಾಡೋಗದೆ? ಊಟ ಮಾಡುದ್ರಾ?"

ಅಷ್ಟೇ. ಅವನು ಕೇಳಿದ್ದು ಅಷ್ಟೇ. ಮೂರು ವಾರದಿಂದ ಆ ಊರಿನಲ್ಲಿ ಒಂದು ಪ್ರಾಣಿಯೂ ನನ್ನನ್ನು ಅದನ್ನು ಕೇಳಿರಲಿಲ್ಲ. ಹೇಗೆ ಶುರುವಾಯಿತೋ ಗೊತ್ತಿಲ್ಲ, ಮೂವತ್ತೆರಡು ವರ್ಷದ ಗಂಡಸು, ಮೀಸೆ ಅಂಟಿಸಿಕೊಂಡು, ಕುರ್ಚಿಯ ಮೇಲೆ ಕೂತು ಗೊಳೋ ಎಂದು ಅತ್ತುಬಿಟ್ಟೆ.

"ಅಳ್‌ಬ್ಯಾಡಿ ಸಾ! ಬಣ್ಣ ಓಯ್ತದೆ! ಮೀಸೆ ಕಿತ್ಕಂಡ್ ಬತ್ತದೆ ಸಾ!" ಎಂದು ನಂಜಪ್ಪ ಒರೆಸಿದ. ಒರೆಸಿದಷ್ಟೂ ಬಂತು. ಅಷ್ಟರಲ್ಲಿ ಕರೆ ಬಂತು. ಹೋಗಿ ಮೂಲೆಯಲ್ಲಿ ಕೂತೆ. ತಲೆ ತಗ್ಗಿಸಿದೆ. ಏನೂ ಮಾಡಬಾರದೆಂದು ಹಲ್ಲು ಕಚ್ಚಿ ಹಿಡಿದೆ. ಹಿಡಿದಷ್ಟೂ ಹೆಗಲು ಕುಲುಕಿತು. ಡೈರೆಕ್ಟರ ಕಣ್ಣು ನನ್ನ ಮೇಲೆ ಬಿತ್ತು. ಬೈಯುತ್ತಾರೆ ಎಂದುಕೊಂಡೆ. ಅವರು ಸದ್ದಿಲ್ಲದೆ ಕ್ಯಾಮೆರಾವನ್ನು ನಾಯಕನಿಂದ ನನ್ನ ಕಡೆ ತಿರುಗಿಸಿ ಎಂದು ಕೈಸನ್ನೆ ಮಾಡಿದರು. ಸ್ವಂತ ತಾಯಿ ಸತ್ತ ನಾಯಕ ಅಲ್ಲಿ ಹದವಾಗಿ ಅಳುತ್ತಿದ್ದರೆ, ಪಾಯಸಕ್ಕೆ ಉಪ್ಪು ಹಾಕಿದ ಆಳು ಇಲ್ಲಿ ಬಿಕ್ಕಿ ಬಿಕ್ಕಿ ಅಳುತ್ತಿದ್ದ!

"ಇದು ಅಭಿನಯ!" ಎಂದು ಡೈರೆಕ್ಟರು ಬೆನ್ನು ತಟ್ಟಿದರು. ನಾನು ಹೌದೆಂಬಂತೆ ಕೈಮುಗಿದೆ.

ಊರಿಗೆ ಬಂದೆ. ಪಾಯಸದ ದೃಶ್ಯವನ್ನು ಅಂಗಡಿಯಲ್ಲಿ ದಿನಕ್ಕೆ ನಾಲ್ಕು ಸಲ ಮಾಡಿ ತೋರಿಸಿದೆ. ಅಳುವಿನ ವಿಷಯ ಯಾರಿಗೂ ಹೇಳಲಿಲ್ಲ. ನಾಲ್ಕು ತಿಂಗಳ ಮೇಲೆ ಚಿತ್ರ ಹಾಸನಕ್ಕೆ ಬಂತು. ಬೋರೇಗೌಡ ಒಂದು ಲಾರಿಯನ್ನೇ ಗೊತ್ತು ಮಾಡಿ ಸಾಲಗಾಮೆಯ ಅರ್ಧ ಊರನ್ನು ತುಂಬಿಕೊಂಡು ಮ್ಯಾಟಿನಿಗೆ ಬಂದ. ಪದ್ಮಾವತಿ ತಂಗಿಯ ಬಾಣಂತನಕ್ಕೆಂದು ತವರುಮನೆ ಹೊಳೆನರಸೀಪುರಕ್ಕೆ ಹೋಗಿದ್ದಳು. ಉಳಿದ ಲೋಕವೆಲ್ಲ ಅಲ್ಲಿತ್ತು.

"ಸುಮ್ಕಿರ್ರೋ! ಈಗ್ ಬತ್ತಾನೆ ನಮ್ ಸಾಂತಣ್ಣ, ಒಟ್ಟೆ ಇಡ್ಕಳಿ!" ಎಂದು ಬೋರೇಗೌಡ ಆರಂಭದಿಂದಲೇ ಎಲ್ಲರನ್ನೂ ಎಚ್ಚರಿಸುತ್ತಿದ್ದ. ಪಾಯಸದ ಸಮಯ ಬಂತು. ನಾಯಕಿ ಬಡಿಸಿದಳು, ನಾಯಕ ಉಂಡ, ಹಾಡು ಶುರುವಾಯಿತು. ನಾನಿಲ್ಲ! ಹದಿಮೂರು ಸಲ ಸೀನಿದ್ದು, ನೆಗಡಿ ತರಿಸಿಕೊಂಡದ್ದು, ಎಲ್ಲವನ್ನೂ ಕತ್ತರಿಸಿ ಬಿಸಾಡಿದ್ದರು. ಸಾಲಗಾಮೆಯ ಅರ್ಧ ಊರು ನನ್ನ ಕಡೆ ತಿರುಗಿತು. ನಾನು ತೆರೆಯ ಕಡೆಯೇ ನೋಡುತ್ತ ಕೂತೆ.

ಆಮೇಲೆ ತಾಯಿ ಸತ್ತಳು. ಇದ್ದಕ್ಕಿದ್ದಂತೆ ತೆರೆಯ ತುಂಬ, ಗೋಡೆಯಷ್ಟು ದೊಡ್ಡದಾಗಿ, ನನ್ನ ಮುಖ! ಒಂದು ಕಡೆ ಮೀಸೆ ಸಡಿಲವಾಗಿತ್ತು. ಅದೊಂದನ್ನು ಬಿಟ್ಟರೆ ಅಂಥ ಒಂಟಿ ಮುಖವನ್ನು ನಾನು ಜೀವಮಾನದಲ್ಲಿ ನೋಡಿರಲಿಲ್ಲ. ಥಿಯೇಟರಿನಲ್ಲಿ ಒಂದು ಮೂಗು ಸೊರ್ ಎಂದಿತು. ಎರಡಾಯಿತು. ಬಾಲ್ಕನಿಯಿಂದ ನೆಲದವರೆಗೆ ಎಲ್ಲರೂ ಸೆರಗಿಗೆ, ಟವಲಿಗೆ ಕೈಹಾಕಿದರು. ನನ್ನ ತಮಾಷೆಗೆ ಮುಂಚಿತವಾಗಿ ನಗುತ್ತಿದ್ದ ಬೋರೇಗೌಡ ನನ್ನ ತೋಳು ಹಿಡಿದುಕೊಂಡು ಅತ್ತ. "ಯಾಕ್ ಸಾಂತಣ್ಣ ಅಂಗ್ ಅತ್ತೆ? ಏನಾಗಿತ್ತಪ್ಪ ನಿಂಗೆ?"

ಅಲ್ಲಿಗೆ ನನ್ನ ಹಾಸ್ಯಕ್ಕೆ ಮಂಗಳ ಹಾಡಿದಂತಾಯಿತು. ಅಂಗಡಿಗೆ ಬಂದ ಹೆಂಗಸರು ನಾನು ಬಾಯಿ ತೆರೆಯುವ ಮುಂಚೆಯೇ "ಪಾಪ" ಎನ್ನತೊಡಗಿದರು. ಅರಕಲಗೂಡಿನ ಒಂದು ಸಮಾರಂಭದಲ್ಲಿ ನೊಣದ ಸಂಗೀತಗಾರನನ್ನು ಮಾಡಿದೆ. ನೊಣ ಮೂಗಿನ ಮೇಲೆ ಕೂತಿತು, ಕಿವಿಗೆ ಹೋಯಿತು, ಮುಂದಿನ ಸಾಲಿನಲ್ಲಿ ಒಬ್ಬ ಅಜ್ಜಿ ಕಣ್ಣೊರೆಸಿಕೊಂಡರು! ಅಧ್ಯಕ್ಷರು ಎದ್ದು, "ಈ ನಗೆಯ ಹಿಂದೆ ಎಂಥ ನೋವಿದೆಯೋ ನಾವು ಬಲ್ಲೆವು" ಎಂದು ಭಾಷಣ ಮಾಡಿದರು. ನೊಣದ ಹಿಂದೆ ಯಾವ ನೋವೂ ಇರಲಿಲ್ಲ ಸ್ವಾಮಿ, ನೊಣ ಮಾತ್ರ ಇತ್ತು! ಮುಂದಿನ ತಿಂಗಳು ಹಳ್ಳಿಮೈಸೂರಿನಿಂದ ಕರೆ ಬಂತು. ಸಂತೋಷದಿಂದ ಹೋದೆ. ಅದು ಶ್ರದ್ಧಾಂಜಲಿ ಸಭೆ.

ಅಷ್ಟರಲ್ಲಿ ಮದ್ರಾಸಿನಿಂದ ಕಾಗದ. ಹೊಸ ಚಿತ್ರ, ಹೆಂಡತಿ ಸತ್ತ ಗಂಡನ ಪಾತ್ರ, ಕೂಡಲೇ ಹೊರಡಿ. ಅಳುವುದಾದರೆ ಅಳುವುದು, ಕಲೆ ಕಲೆಯೇ ಎಂದು ಹೊರಟೆ. ಈ ಸಲ ಸ್ಟೇಷನ್ನಿಗೆ ಕಾರು ಬಂತು. ಒಳ್ಳೆಯ ಕೋಣೆ. ನಾನು ಜೈನನೆಂದು ತಿಳಿದು ಬೆಳಕಿರುವಾಗಲೇ ಬಿಸಿ ಊಟ ತಂದುಕೊಡಲು ಒಬ್ಬರನ್ನು ನೇಮಿಸಿದ್ದರು. ಎಲ್ಲರೂ ನಮಸ್ಕಾರಕ್ಕೆ ನಮಸ್ಕಾರ ಹೇಳುತ್ತಿದ್ದರು. ಸಂಜೆ ನಂಜಪ್ಪ ಬಂದು ಊರಿನ ಸುದ್ದಿ ಮಾತಾಡುತ್ತಿದ್ದ. ಸುಖವಾಗಿದ್ದೆ.

ಅದೇ ತಪ್ಪಾದದ್ದು. ಕ್ಯಾಮೆರಾ ಮುಂದೆ ಕೂತರೆ ಕಣ್ಣು ಬೇಸಿಗೆಯ ಕೆರೆ! ಸತ್ತ ಹೆಂಡತಿಯ ಪಾತ್ರಧಾರಿ ಮಲಗಿ ಮಲಗಿ ನಿದ್ದೆ ಹೋದಳು. ಕಣ್ಣೀರು ಬರಲೆಂದು ಗ್ಲಿಸರಿನ್ ಹಾಕಿದರು, ಕಣ್ಣು ಕೆಂಪಗಾಗಿ ಹೆಂಡತಿ ಸತ್ತವನಂತಲ್ಲ, ಹೆಂಡತಿಯನ್ನು ಕೊಂದವನಂತೆ ಕಂಡೆ. "ಆ ಸಲ ಅತ್ರಲ್ಲ, ಹಾಗೇ ಅಳ್ರೀ!" ಎಂದು ಡೈರೆಕ್ಟರು ಕೂಗಿದರು. ಕೊನೆಗೆ ಮಾನ ಬಿಟ್ಟು ನಂಜಪ್ಪನನ್ನು ಬದಿಗೆ ಕರೆದೆ. "ಅವತ್ತು ಕೇಳಿದೆಯಲ್ಲ, ಅದನ್ನೇ ಇನ್ನೊಂದು ಸಲ ಕೇಳು ಮಾರಾಯ" ಎಂದೆ.

ನಂಜಪ್ಪ ನನ್ನ ಗಲ್ಲ ಹಿಡಿದು, ದನಿಯಲ್ಲಿ ಇದ್ದಬದ್ದ ಕರುಣೆ ತುಂಬಿ, "ಊಟ ಮಾಡುದ್ರಾ ಸಾ?" ಎಂದ.

"ಮಾಡಿದೆ" ಎಂದೆ. ನಿಜವಾಗಿಯೂ ಮಾಡಿದ್ದೆ. ಹೋಳಿಗೆ ಇತ್ತು.

ಮಾರನೆಯ ದಿನ ನನ್ನನ್ನು ಸ್ಟೇಷನ್ನಿಗೆ ಬಿಡಲು ಕಾರು ಬರಲಿಲ್ಲ. ಹೀಗೆ ನನ್ನ ಚಿತ್ರಜೀವನ, ಒಂದು ಅಳುವಿನಿಂದ ಆರಂಭವಾಗಿ ಒಂದು ಹೋಳಿಗೆಯಿಂದ ಮುಗಿಯಿತು.

ಮುಂದಿನ ಬೇಸಿಗೆಯಲ್ಲಿ ಆ ಮೊದಲ ಚಿತ್ರ ಹೊಳೆನರಸೀಪುರದ ಟೆಂಟ್ ಸಿನಿಮಾಕ್ಕೆ ಬಂತು. ನಾವು ಆಗ ಪದ್ಮಾವತಿಯ ತವರಿನಲ್ಲೇ ಇದ್ದೆವು. "ನಾನೂ ನೋಡ್ಬೇಕು" ಎಂದಳು. ಬೇಡವೆನ್ನಲು ಕಾರಣ ಹುಡುಕಿದೆ, ಸಿಗಲಿಲ್ಲ. ಹೊತ್ತಿಗೆ ಮುಂಚೆ ಉಂಡು ಸಂಜೆಯ ಆಟಕ್ಕೆ ಹೋದೆವು. ನನ್ನ ಮುಖ ಬಂದಾಗ ಟೆಂಟಿಗೆ ಟೆಂಟೇ ಅತ್ತಿತು. ಪಕ್ಕದಲ್ಲಿ ಪದ್ಮಾವತಿ ಅಳಲಿಲ್ಲ. ಮಡಿಲಲ್ಲಿ ಕೈ ಇಟ್ಟುಕೊಂಡು ತೆರೆಯನ್ನೇ ನೋಡುತ್ತಿದ್ದಳು.

ಹೊರಗೆ ಬಂದು ಹೊಳೆಯ ಸೇತುವೆಯ ಕಡೆ ನಡೆದೆವು. ಸ್ವಲ್ಪ ದೂರ ಹೋದ ಮೇಲೆ ನಾನೇ, "ಹೇಗಿತ್ತು ಆಕ್ಟಿಂಗು?" ಎಂದೆ.

"ಯಾವುದು?"

"ಅದೇ, ಅತ್ತಿದ್ದು."

"ಅದು ಆಕ್ಟಿಂಗಲ್ಲ. ಅಷ್ಟು ಚೆನ್ನಾಗಿ ಆಕ್ಟ್ ಮಾಡೋಕೆ ನಿಮಗೆ ಬರಲ್ಲ" ಎಂದಳು.

ಮೂರು ತಾಲ್ಲೂಕಿನಲ್ಲಿ ಯಾರಿಗೂ ಹೊಳೆಯದ ವಿಮರ್ಶೆ! ನಾನು ತಡವರಿಸಿ, "ಅಲ್ಲ, ಅಲ್ಲಿ ನಾನು ಸುಖವಾಗೇ ಇದ್ದೆ. ಕಾಗದ ಬರೀತಿದ್ದೆನಲ್ಲ" ಎಂದೆ.

"ಬರೀತಿದ್ರಿ. ಎದುರಿಗಿದ್ರೆ ‘ಹೂಂ’ ಅನ್ನೋದು ಬಿಟ್ಟು ಇನ್ನೊಂದು ಮಾತಿಲ್ಲ. ಸುಖವಾಗಿದ್ದೋರು ದಿನ ಬಿಟ್ಟು ದಿನ ಎರಡೆರಡು ಪುಟ ಬರೀತಾರಾ? ಎರಡನೇ ಕಾಗದಕ್ಕೇ ಗೊತ್ತಾಯ್ತು ನಂಗೆ."

"ಗೊತ್ತಾದ ಮೇಲೆ, ವಾಪಸ್ ಬನ್ನಿ ಅಂತ ಒಂದು ಸಾಲು ಬರೆಯಬಾರದಿತ್ತಾ?"

ಅವಳು ಸೆರಗು ಹೊದ್ದುಕೊಂಡಳು. ಆಮೇಲೆ, "ಬರೆದಿದ್ರೆ ನೀವು ಬಂದುಬಿಡ್ತಿದ್ರಿ. ಕಾಗದ ನಿಂತುಹೋಗ್ತಿತ್ತಲ್ಲ" ಎಂದಳು.

ಒಬ್ಬನೇ ನಿಂತು ಅರ್ಧ ಗಂಟೆ ಸಭೆಯನ್ನು ಆಳಬಲ್ಲವನು ನಾನು. ಸೇತುವೆ ಅಷ್ಟೂ ಉದ್ದ ದಾಟುವವರೆಗೆ ನನಗೆ ಒಂದೇ ಒಂದು ಮಾತು ಹೊಳೆಯಲಿಲ್ಲ. ಆದರೂ ಇವತ್ತು ಏನಾದರೂ ಹೇಳಲೇಬೇಕು, ‘ಹೂಂ’ ಮಾತ್ರ ಅನ್ನಬಾರದು ಎಂದು ಹಠ ಹಿಡಿದು, ತುಂಬಾ ಯೋಚಿಸಿ, ಕೊನೆಗೆ ಹೇಳಿದೆ:

"ಚಳಿ ಜಾಸ್ತಿ ಅಲ್ವಾ?"

"ಬೇಸಿಗೆ ಕಣ್ರೀ ಇದು" ಎಂದಳು ಪದ್ಮಾವತಿ.